ಗಣಂಗೂರು ಬಂದರೆ ನಿಲ್ಲುವ ಪದ್ಮಿನಿ: ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಟವೆಲ್ ಎಷ್ಟು ದಿನ?

ಮಂಡ್ಯದ ಗಣಿತ ಮೇಷ್ಟ್ರು:

ನನ್ನ ಮಾವನವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಈಗ ನನ್ನ ಪಾಲಿಗೆ ಬಂದಿದೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ತಿಳಿನೀಲಿ ಬಣ್ಣ. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಕಳೆದ ದೀಪಾವಳಿಗೆ ಹೊರಗೆಳೆದು ಬ್ಯಾಟರಿ, ಟೈರು, ಬ್ರೇಕು ಎಲ್ಲವನ್ನೂ ಸರಿ ಮಾಡಿಸಿದೆ.

ಹದಿನೈದು ದಿನಕ್ಕೊಮ್ಮೆ ನಾವಿಬ್ಬರೂ ಮೈಸೂರಿನ ಕುವೆಂಪುನಗರಕ್ಕೆ, ಮಗಳ ಮನೆಗೆ ಹೋಗುತ್ತೇವೆ. ಇಂಡುವಾಳು, ತೂಬಿನಕೆರೆ ದಾಟುವವರೆಗೆ ಕಾರಿನದು ಒಂದು ಸೊಲ್ಲೂ ಇಲ್ಲ. ಗಣಂಗೂರು ಹತ್ತಿರವಾಗುತ್ತಿದ್ದಂತೆ ಒಮ್ಮೆ ಮುಗ್ಗರಿಸುತ್ತದೆ, ಎರಡು ಸಲ ಕೆಮ್ಮುತ್ತದೆ, ಆಮೇಲೆ ಆಕ್ಸಿಲರೇಟರ್ ಎಷ್ಟು ತುಳಿದರೂ ಉಸಿರೆತ್ತುವುದಿಲ್ಲ. ಬಾನೆಟ್ ಎತ್ತಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಎಂಜಿನ್ನಿಗೆ ಕೊಡುವ ಪಂಪಿನ ಮೇಲೆ ಒದ್ದೆ ಟವೆಲ್ ಹೊದಿಸಿ ಇಪ್ಪತ್ತು ನಿಮಿಷ ಕಾಯುತ್ತೇವೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮತ್ತೆ ಮೈಸೂರು ಮುಟ್ಟುವುದರೊಳಗೆ ಇನ್ನೊಮ್ಮೆ. ಟವೆಲ್ ಮತ್ತು ಒಂದು ಕ್ಯಾನು ನೀರು ಈಗ ನಮ್ಮ ಪ್ರಯಾಣದ ಸಾಮಾನಿನಲ್ಲೇ ಸೇರಿವೆ.

ಒಬ್ಬ ಮೆಕ್ಯಾನಿಕ್ ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಬದಲಿಸಿದರು. ಇನ್ನೊಬ್ಬರು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ಟುಗಳನ್ನು ಊದಿ, ಪಂಪಿನೊಳಗೆ ಪೆಟ್ರೋಲ್ ತಳ್ಳುವ ಪೊರೆ, ಅಂದರೆ ಡಯಾಫ್ರಾಮ್, ಹೊಸದು ಹಾಕಿ, ‘ಏರ್ ಲಾಕ್ ಸಾರ್, ಈಗಿನ ಪೆಟ್ರೋಲೇ ಹೀಗೆ’ ಎಂದರು. ಪೆಟ್ರೋಲಿಗೆ ಬೆರೆಸುವ, ಕಬ್ಬಿನಿಂದಲೂ ತಯಾರಾಗುವ ಎಥೆನಾಲಿನ ಮೇಲೆ ಎಲ್ಲರದೂ ದೂರು. ಕಬ್ಬಿನ ನಾಡಿನವನಾಗಿ ನನಗೆ ಅದನ್ನು ಬೈಯಲು ನಾಲಿಗೆ ಬರುವುದಿಲ್ಲ. ಎಲೆಕ್ಟ್ರಿಕ್ ಪಂಪು ಹಾಕಿಸಿಬಿಡಲೇ? ಬಲ್ಲವರು ಹೇಳಬೇಕು.

ವಿಜಯನಗರದ ಅಂಬಾಸಿಡರ್:

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಿರಬಹುದು. ಹಳೆಯ ಕಾರುಗಳಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಬಿಸಿ ಏರಿದಾಗ ಅದರೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ದ್ರವವನ್ನು ತಳ್ಳಬಲ್ಲ ಡಯಾಫ್ರಾಮ್ ಆವಿಯನ್ನು ಹಿಂಡುತ್ತಾ ಕೂರುತ್ತದೆಯೇ ಹೊರತು ಮುಂದಕ್ಕೆ ಏನೂ ಹೋಗುವುದಿಲ್ಲ. ಎಥೆನಾಲ್ ತಾನಾಗಿ ಕುದಿಯುವುದು 78 ಡಿಗ್ರಿಗೆ, ಆದರೆ ಪೆಟ್ರೋಲಿನೊಂದಿಗೆ ಬೆರೆತಾಗ ಮಿಶ್ರಣ ಇನ್ನಷ್ಟು ಬೇಗ ಆವಿಯಾಗುತ್ತದೆ. ನಾನು ಪಂಪಿಗೂ ಎಂಜಿನ್ನಿಗೂ ನಡುವೆ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಕೊಟ್ಟಿದ್ದೇನೆ, ಪೈಪನ್ನು ಸೈಲೆನ್ಸರ್ ಕಡೆಯಿಂದ ದೂರ ಸರಿಸಿದ್ದೇನೆ.

ಬನ್ನಿಮಂಟಪದ ಹಳೇ ಸ್ಪ್ಯಾನರ್:

ಮೇಷ್ಟ್ರೇ, ನಮಸ್ಕಾರ. ಮೂವತ್ತು ವರ್ಷ ಗ್ಯಾರೇಜು ನಡೆಸಿ ಈಗ ಮಗನಿಗೆ ಬಿಟ್ಟಿದ್ದೇನೆ. ಎಲೆಕ್ಟ್ರಿಕ್ ಪಂಪಿಗೆ ದುಡ್ಡು ಕೊಡುವ ಮುಂಚೆ ಒಂದು ಮಾತು ಹೇಳಿ. ಮಟಮಟ ಮಧ್ಯಾಹ್ನ ಮಂಡ್ಯದ ಪೇಟೆ ಬೀದಿಯಲ್ಲಿ, ಮುಂದೆ ಎತ್ತಿನ ಗಾಡಿ ಹಿಂದೆ ಬಸ್ಸು ಸಿಕ್ಕಿಕೊಂಡಾಗ ಕಾರು ನಿಲ್ಲುತ್ತದೆಯೇ?

ಮಂಡ್ಯದ ಗಣಿತ ಮೇಷ್ಟ್ರು:

ಇಲ್ಲ. ಏಪ್ರಿಲ್ ಬಿಸಿಲಿನಲ್ಲೂ ಅಲ್ಲಿ ಒಮ್ಮೆಯೂ ನಿಂತಿಲ್ಲ. ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಮಾತ್ರ ಈ ರಗಳೆ.

ಬನ್ನಿಮಂಟಪದ ಹಳೇ ಸ್ಪ್ಯಾನರ್:

ಹಾಗಿದ್ದರೆ ಬಿಸಿಯೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಆವಿಯ ತೊಂದರೆ ಕಾಣಿಸಿಕೊಳ್ಳುವುದೇ ದಟ್ಟಣೆಯಲ್ಲಿ, ಇಲ್ಲವೇ ಬಿಸಿ ಎಂಜಿನ್ ನಿಲ್ಲಿಸಿ ಕಾಫಿ ಕುಡಿದು ಬಂದಾಗ. ಹೆದ್ದಾರಿಯಲ್ಲಿ ಗಾಳಿ ಬಡಿಯುತ್ತಿರುತ್ತದೆ, ಟ್ಯಾಂಕಿನಿಂದ ತಣ್ಣನೆಯ ಪೆಟ್ರೋಲ್ ಹರಿದು ಬರುತ್ತಿರುತ್ತದೆ. ನಿಮ್ಮ ಕಾರು ಹೆಚ್ಚು ಪೆಟ್ರೋಲ್ ಕೇಳಿದಾಗಲೇ ನಿಲ್ಲುತ್ತಿದೆ. ಎಲ್ಲೋ ಗಂಟಲು ಕಟ್ಟಿದೆ.

ಮುಂದಿನ ಸಲ ನಿಂತಾಗ ಟವೆಲ್ ಮುಟ್ಟಬೇಡಿ. ಎಂಜಿನ್ ಬಂದ್ ಇರುವಾಗಲೇ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಕಾರ್ಬ್ಯುರೇಟರಿನ ಬಾಯಿ ನೋಡುತ್ತಾ ಆಕ್ಸಿಲರೇಟರ್ ಕಡ್ಡಿಯನ್ನು ಎಳೆಯಿರಿ. ಒಳಗೆ ಪೆಟ್ರೋಲ್ ಸೂಜಿಧಾರೆಯಾಗಿ ಚಿಮ್ಮಬೇಕು. ಚಿಮ್ಮಿದರೆ ಕರೆಂಟಿನ ದೋಷ, ನನ್ನ ಮಾತು ಸುಳ್ಳು. ಚಿಮ್ಮದಿದ್ದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಅದು ಉಸ್ಸೆಂದು ಗಾಳಿ ಎಳೆದುಕೊಂಡರೆ ಮುಚ್ಚಳದ ಉಸಿರಿನ ತೂತು ಮುಚ್ಚಿದೆ. ಅದೂ ಅಲ್ಲವಾದರೆ, ಎಂಜಿನ್ ತಣ್ಣಗಾದ ಮೇಲೆ, ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಹತ್ತಿರ ಕಳಚಿ ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಗಾಳಿ ಹೊಡೆಯಿರಿ. ಟ್ಯಾಂಕಿನ ಮುಚ್ಚಳ ತೆರೆದೇ ಇರಲಿ. ಪೆಟ್ರೋಲ್ ಪಂಪಿನ ಕಡೆಗೆ ಮಾತ್ರ ಹೊಡೆಯಬೇಡಿ, ಅದರ ಡಯಾಫ್ರಾಮ್ ಹರಿದುಹೋದೀತು. ಬೀಡಿ ಸೇದುವವರು ಯಾರಾದರೂ ‘ಏನಾಯಿತು ಸ್ವಾಮಿ’ ಎಂದು ಬಂದು ಬಗ್ಗಿದರೆ ಮೊದಲು ಅವರನ್ನು ದೂರ ಕಳಿಸಿ.

ಗೋಕುಲಂ 800:

ಮುಚ್ಚಳದ ವಿಷಯವನ್ನು ಹಗುರವಾಗಿ ನೋಡಬೇಡಿ. ನನ್ನ ಕಾರ್ಬ್ಯುರೇಟರ್ ಮಾರುತಿಗೆ ಬೇರೆ ಯಾವುದೋ ಗಾಡಿಯ ಮುಚ್ಚಳ ಹಾಕಿಸಿ ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ಮೂರು ಸಲ ನಿಂತಿದ್ದೇನೆ. ಹಾಗೆಯೇ ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿ. ಎಥೆನಾಲ್ ಅವನ್ನು ಮೆದುವಾಗಿಸುತ್ತದೆ. ಟ್ಯಾಂಕಿಗೂ ಪಂಪಿಗೂ ನಡುವಿನ ಪೈಪು ಸೀಳಿದರೆ ಎಂಜಿನ್ ಓಡುವಾಗ ಪೆಟ್ರೋಲ್ ಸೋರುವ ಬದಲು ಗಾಳಿ ಒಳಗೆ ಹೋಗುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ.

ಮಂಡ್ಯದ ಗಣಿತ ಮೇಷ್ಟ್ರು:

ಎರಡು ಶನಿವಾರ ಕಳೆದವು. ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ಶನಿವಾರ ಹೋಗುವಾಗ ನಿಂತಿತು, ಅದೇ ಗಣಂಗೂರಿನ ಈಚೆಗೆ. ಬಗ್ಗಿ ನೋಡಿದರೆ ಕಾರ್ಬ್ಯುರೇಟರಿನಲ್ಲಿ ಒಂದು ಹನಿಯೂ ಚಿಮ್ಮಲಿಲ್ಲ. ಟ್ಯಾಂಕಿನ ಮುಚ್ಚಳ ಸದ್ದಿಲ್ಲದೆ ಬಿಚ್ಚಿಕೊಂಡಿತು. ಪಂಪಿಗೆ ಮೊದಲು ಇರುವ ಪಾರದರ್ಶಕ ಫಿಲ್ಟರ್ ಲಕಲಕ ಹೊಳೆಯುತ್ತಿತ್ತು. ಅದರ ಶುಭ್ರತೆ ಕಂಡು ಇಷ್ಟು ದಿನ ಹೆಮ್ಮೆಪಟ್ಟಿದ್ದೆ. ಅದು ಖಾಲಿಯಾಗಿದೆ ಎಂಬುದು ಈಗ ಕಂಡಿತು. ಟವೆಲ್ ಹಿಡಿದು ಬಂದ ಮನೆಯವರನ್ನು ತಡೆದೆ. ಗಡಿಯಾರ ನೋಡುತ್ತಾ ಸುಮ್ಮನೆ ಕುಳಿತೆವು. ಇಪ್ಪತ್ತು ನಿಮಿಷಕ್ಕೆ ಕಾರು ಹೊರಟಿತು, ಟವೆಲ್ ಇಲ್ಲದೆಯೇ.

ಇಲ್ಲಿ ನನ್ನ ಮುಖ ಕೆಂಪಾಯಿತು. ಒದ್ದೆ ಬಟ್ಟೆ, ಕಾಯುವಿಕೆ ಎರಡನ್ನೂ ಪ್ರತಿ ಸಲ ಒಟ್ಟಿಗೆ ಮಾಡಿ ಶ್ರೇಯಸ್ಸನ್ನೆಲ್ಲ ಬಟ್ಟೆಗೆ ಕೊಟ್ಟಿದ್ದೆ. ಹತ್ತನೇ ತರಗತಿಯ ಹುಡುಗ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ.

ಮರಳುವಾಗ ಪಶ್ಚಿಮವಾಹಿನಿ ದಾಟಿದ ಮೇಲೆ ಮತ್ತೆ ನಿಂತಿತು. ಈ ಸಲ ಅಳಿಯನ ಸೈಕಲ್ ಪಂಪು ಜೊತೆಗಿತ್ತು. ಎಂಜಿನ್ ಆರಲಿ ಎಂದು ಕಾದು ಪೈಪು ಕಳಚಿದೆ. ಮೊದಲ ಒತ್ತಿಗೆ ಹಿಡಿಕೆ ಕಲ್ಲಿನಂತೆ ಗಟ್ಟಿ. ಮೂರನೆಯದಕ್ಕೆ ಒಮ್ಮೆಲೇ ಸಡಿಲವಾಗಿ, ಟ್ಯಾಂಕಿನೊಳಗೆ ಗುಳುಗುಳು ಸದ್ದು. ಆಮೇಲೆ ಮಂಡ್ಯದವರೆಗೂ ಎಲ್ಲೂ ನಿಲ್ಲಲಿಲ್ಲ.

ಸೋಮವಾರ ಟ್ಯಾಂಕ್ ಇಳಿಸಿ ಪೆಟ್ರೋಲನ್ನು ಸೋಸಿದೆವು. ಅಂಗೈಯಲ್ಲಿ ಹಿಡಿಯುವಷ್ಟು ತುಕ್ಕಿನ ಚಕ್ಕೆ, ಅದರ ಮೇಲೆ ಬೆಲ್ಲದ ಪಾಕದಂಥ ಕಂದು ಅಂಟು. ಪೆಟ್ರೋಲ್ ಹೀರುವ ಕೊಳವೆಯ ತುದಿಯ ಜಾಲರಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಜಾಲರಿ ತೊಳೆದು, ಟ್ಯಾಂಕ್ ಜಾಲಿಸಿ, ರಬ್ಬರ್ ಪೈಪುಗಳನ್ನು ಬದಲಿಸಿದ್ದಾಯಿತು. ಎರಡನೆಯ ಶನಿವಾರ ಹೋಗಿ ಬಂದ ತೊಂಬತ್ತು ಕಿಲೋಮೀಟರಿನಲ್ಲಿ ಒಮ್ಮೆಯೂ ಕೆಮ್ಮಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಕಾದರೆ ತಾನಾಗಿ ಸರಿಹೋಗುತ್ತಿದ್ದುದು ಹೇಗೆ? ಟ್ಯಾಂಕಿಗೆ ಒಳಲೇಪ ಹಾಕಿಸಬೇಕೇ?

ಬನ್ನಿಮಂಟಪದ ಹಳೇ ಸ್ಪ್ಯಾನರ್:

ಪಂಪು ಎಳೆಯುತ್ತಿರುವಷ್ಟು ಹೊತ್ತು ಕಸ ಜಾಲರಿಗೆ ಕಚ್ಚಿಕೊಂಡಿರುತ್ತದೆ. ಎಂಜಿನ್ ನಿಂತರೆ ಎಳೆತ ಸಡಿಲವಾಗಿ ಕಸ ನಿಧಾನವಾಗಿ ತಳಕ್ಕಿಳಿಯುತ್ತದೆ, ದಾರಿ ಬಿಡುತ್ತದೆ. ಪೇಟೆಯಲ್ಲಿ ಎಳೆತವೇ ಕಡಿಮೆ. ಎಲೆಕ್ಟ್ರಿಕ್ ಪಂಪು ಹಾಕಿಸಿದ್ದರೆ ಕಸವನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿಯುತ್ತಿತ್ತು, ಅಷ್ಟೇ. ಅಂಬಾಸಿಡರ್ ಅವರು ದೂರಿದ ಎಥೆನಾಲಿಗೂ ಇದರಲ್ಲಿ ಪಾಲಿರಬಹುದು: ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನು ಅದು ಕರಗಿಸಿ ಸಡಿಲಿಸುತ್ತದೆ.

ಟ್ಯಾಂಕ್ ತೂತಾಗಿಲ್ಲದಿದ್ದರೆ ಲೇಪ ಬೇಡ. ಸರಿಯಾಗಿ ಹಿಡಿಯದ ಲೇಪ ಪದರ ಪದರವಾಗಿ ಎದ್ದು ಅದೇ ಜಾಲರಿಗೆ ಬಂದು ಕೂರುತ್ತದೆ. ಫಿಲ್ಟರನ್ನು ಮೊದಲೆರಡು ತಿಂಗಳು ಬೇಗ ಬೇಗ ಬದಲಿಸಿ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಖಾಲಿ ಜಾಗದಲ್ಲಿ ತೇವ ಕಟ್ಟುತ್ತದೆ. ಸೈಕಲ್ ಪಂಪನ್ನು ಸದ್ಯಕ್ಕೆ ಅಳಿಯಂದಿರಿಗೆ ವಾಪಸು ಕೊಡಬೇಡಿ.