‘ಅಫಿಶಿಯಲ್ ವಾರ್ ಆರ್ಟಿಸ್ಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ, ನಮಸ್ಕಾರ.

ಸಾಗರದಲ್ಲಿ ನಾವು ಕೆಲವರು ಭಾನುವಾರ ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತೇವೆ. ಅವರಿಗಾಗಿ ಇಂಗ್ಲೆಂಡಿನ ಚಿತ್ರಗಾರ ಪಾಲ್ ನ್ಯಾಶ್ ಬಗ್ಗೆ ಎರಡು ಪುಟ ಬರೆಯಲು ಕೂತೆ. ಅವರು ‘ಅಫಿಶಿಯಲ್ ವಾರ್ ಆರ್ಟಿಸ್ಟ್’, ಅಂದರೆ ಯುದ್ಧವನ್ನು ಚಿತ್ರದಲ್ಲಿ ದಾಖಲಿಸಲು ಸರ್ಕಾರವೇ ನೇಮಿಸಿದ ಚಿತ್ರಗಾರ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಅಧಿಕೃತ ಯುದ್ಧ ಕಲಾವಿದ’ ಎಂದು ಓದಿದ ಕೂಡಲೇ ಏಳನೇ ಕ್ಲಾಸಿನ ಹುಡುಗಿಯೊಬ್ಬಳು, ‘ಕರಾಟೆ ಮಾಸ್ಟರಾ ಸರ್?’ ಎಂದಳು. ಅವಳು ಕೇಳಿದ್ದು ಸರಿಯೇ. ಯುದ್ಧಕಲೆ ಅಂದರೆ ನಮಗೆ ಹೊಳೆಯುವುದು ಅದೇ ಅಲ್ವಾ? ‘ಯುದ್ಧ ಚಿತ್ರಕಾರ’ ಅಂದರೆ ಸಿನಿಮಾ ತೆಗೆಯುವವನು ಅನ್ನಿಸುತ್ತದೆ.

‘ಅಧಿಕೃತ’ ಇನ್ನೂ ಕಷ್ಟ. ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿಯ ಬೋರ್ಡಿನಲ್ಲಿ ‘ಅಧಿಕೃತ ಮಾರಾಟಗಾರರು’ ಎಂದಿರುತ್ತದೆ. ಇಲ್ಲಿ ವಿಷಯ ಬೇರೆ. ಮೊದಲನೇ ಮಹಾಯುದ್ಧದಲ್ಲಿ, 1916ರಲ್ಲಿ, ಬ್ರಿಟನ್ ಮ್ಯೂರ್‌ಹೆಡ್ ಬೋನ್ ಎಂಬ ಚಿತ್ರಗಾರರನ್ನು ಮೊದಲಿಗೆ ನೇಮಿಸಿ ಫ್ರಾನ್ಸಿನ ರಣರಂಗಕ್ಕೆ ಕಳಿಸಿತು. ಕಳಿಸುವುದು ಸರ್ಕಾರ, ಬರೆದದ್ದನ್ನು ಜನರಿಗೆ ತೋರಿಸಬಹುದೋ ಬೇಡವೋ ಎನ್ನುವುದೂ ಸರ್ಕಾರ. ನೆವಿನ್ಸನ್ ಎಂಬ ಚಿತ್ರಗಾರ ಮುಳ್ಳುತಂತಿಯ ಪಕ್ಕ ಕೆಸರಲ್ಲಿ ಬೋರಲಾಗಿ ಸತ್ತುಬಿದ್ದ ತಮ್ಮದೇ ಕಡೆಯ ಇಬ್ಬರು ಸೈನಿಕರನ್ನು ಬರೆದರು. ತೋರಿಸಕೂಡದು ಎಂದರು ಅಧಿಕಾರಿಗಳು. 1918ರ ಪ್ರದರ್ಶನದಲ್ಲಿ ನೆವಿನ್ಸನ್ ಆ ಚಿತ್ರವನ್ನು ತೂಗುಹಾಕಿಯೇ ಹಾಕಿದರು. ಅಡ್ಡಕ್ಕೆ ಕಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ‘ಸೆನ್ಸಾರ್ ಆಗಿದೆ’ ಎಂದು ಬರೆದಿದ್ದರು. ಸರ್ಕಾರ ಕಳಿಸಿದ್ದು ನಿಜ, ಆದರೆ ನೋಡಿದ ಕಣ್ಣು ಅವರದೇ. ಈ ಎರಡೂ ಒಂದೇ ಪದದಲ್ಲಿ ಬರಬೇಕು ಅನ್ನುವುದು ನನ್ನಾಸೆ.

ನನಗೆ ಹೊಳೆದದ್ದು ‘ದಂಡಿನ ಚಿತ್ರಗಾರ’. ದಂಡು ಅಂದ ಕೂಡಲೇ ಡೇರೆ, ಧೂಳು, ಸೈನ್ಯದ ಹಿಂದೆ ಹೆಗಲಿಗೆ ಚೀಲ ಹಾಕಿ ಹೊರಟವನು ಕಣ್ಣಿಗೆ ಬರುತ್ತಾನೆ. ನ್ಯಾಶ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ. 1917ರಲ್ಲಿ ಸೈನಿಕನಾಗಿ ಹೋಗಿ, ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದುಕೊಂಡು ಊರಿಗೆ ಬಂದವರು, ಅದೇ ವರ್ಷ ಚಿತ್ರಗಾರನಾಗಿ ಮತ್ತೆ ಅಲ್ಲಿಗೇ ಹೋದರು. ಬರೆದದ್ದು ಬೋಳು ಮರದ ಮೋಟುಗಳನ್ನು, ನೀರು ತುಂಬಿದ ಗುಂಡಿಗಳನ್ನು. ಕಾಡಿನ ನಡುವೆ ಬೆಳೆದ ನಮ್ಮ ಮಕ್ಕಳು ಆ ಮರಗಳನ್ನು ತುಂಬಾ ಹೊತ್ತು ನೋಡಿದರು.

ಆದರೆ ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್? ಎರಡನೇ ಮಹಾಯುದ್ಧದಲ್ಲಿ ಅವರು ಬರೆದದ್ದು ಬಾಂಬಿಗೆ ಹೆದರಿ ಲಂಡನ್ನಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಸಾಲಾಗಿ ಮಲಗಿದ್ದ ಜನರನ್ನು. ಅಲ್ಲಿ ದಂಡೇ ಇಲ್ಲ. ಸುಮ್ನೆ ‘ಯುದ್ಧಕಾಲದ ಸರ್ಕಾರಿ ಚಿತ್ರಗಾರ’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ಪದ ಜಾಸ್ತಿ ಉದ್ದವಾಯಿತು.

‘ರೂವಾರಿ’ಯನ್ನೂ ಯೋಚಿಸಿದೆ. ಹಳಗನ್ನಡದಲ್ಲಿ ಅದಕ್ಕೆ ಶಿಲ್ಪಿ ಎಂದರ್ಥ. ಶಿಕಾರಿಪುರ, ಸೊರಬದ ಕಡೆ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವನ್ನು ಕೆತ್ತಿದ್ದಾರಲ್ಲ, ಆ ನೆನಪಿನಿಂದ. ಆದರೆ ಈಗ ರೂವಾರಿ ಅಂದರೆ ಯೋಜನೆ ಹಾಕಿದವನು ಎಂದೇ ಆಗಿಬಿಟ್ಟಿದೆ. ‘ಯುದ್ಧದ ರೂವಾರಿ’ ಎಂದರೆ ಅನರ್ಥ!

ಇನ್ನು ಹೆಂಗಸರಿಗೆ? ಆಸ್ಟ್ರೇಲಿಯಾದ ನೋರಾ ಹೈಸನ್ 1943ರಲ್ಲೇ ಈ ಕೆಲಸಕ್ಕೆ ನೇಮಕವಾದವರು. ನಮ್ಮ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಂಗಸರನ್ನು ‘ಚಿತ್ತಾರಗಿತ್ತಿ’ ಅನ್ನುತ್ತಾರೆ. ನನಗೆ ಬಹಳ ಇಷ್ಟವಾದ ಪದ. ‘ದಂಡಿನ ಚಿತ್ತಾರಗಿತ್ತಿ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಚಿತ್ರಗಾರ್ತಿ’ಯೇ ಸಾಕೇ?

ಹಳೆಯ ಕಡತ, ಬಖೈರು (ಹಳೆಯ ಕಾಲದ ಚರಿತ್ರೆಯ ಬರಹ) ಓದಿದವರು ಇದ್ದರೆ ಇದೊಂದನ್ನು ತಿಳಿಸಿ: ದಂಡಿನ ಜೊತೆ ಹೋಗುತ್ತಿದ್ದ ಚಿತ್ರಗಾರನಿಗೆ ಅಲ್ಲಿ ಯಾವುದಾದರೂ ಹೆಸರು ಕಂಡಿದ್ದೀರಾ? ಮುಂದಿನ ಭಾನುವಾರದೊಳಗೆ ಗೊತ್ತಾದರೆ ಮಕ್ಕಳ ಪುಟದಲ್ಲಿ ಅದನ್ನೇ ಹಾಕುತ್ತೇನೆ.