ಎಥ್ನೊಮ್ಯೂಸಿಕಾಲಜಿ ಅಂದರೆ ‘ಜನಪದ ಸಂಗೀತಶಾಸ್ತ್ರ’ವೇ?

ಮಾನ್ಯರೆ,

ಅಮೆರಿಕದ ಸಂಗೀತ ವಿಭಾಗವೊಂದರ ಕೋರ್ಸು ವಿವರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಕಿಕೊಂಡಿರುವ ಪದಗಳು ಇವು: ಗ್ರಾಜುಯೇಟ್ ಸ್ಟಡಿ – ಪದವಿ ವ್ಯಾಸಂಗ; ಮ್ಯೂಸಿಕಾಲಜಿ – ಸಂಗೀತಶಾಸ್ತ್ರ; ಎಥ್ನೊಮ್ಯೂಸಿಕಾಲಜಿ – ಜನಪದ ಸಂಗೀತಶಾಸ್ತ್ರ; ಟ್ರಾನ್ಸ್‌ಕ್ರಿಪ್ಷನ್ – ಲಿಪ್ಯಂತರ; ಡಿಸರ್ಟೇಶನ್ – ಪ್ರಬಂಧ. ತಪ್ಪಿದ್ದರೆ ತಿದ್ದಿ.

ಉತ್ತರ 1

ಮೊದಲನೆಯದನ್ನು ಕೂಡಲೇ ಬದಲಿಸಿ. ಅಲ್ಲಿ ಗ್ರಾಜುಯೇಟ್ ಎಂದರೆ ಪದವಿ ಮುಗಿದ ಮೇಲಿನ ಓದು, ನಮ್ಮ ಸ್ನಾತಕೋತ್ತರ. ‘ಪದವಿ ವ್ಯಾಸಂಗ’ ಎಂದರೆ ಪಿಯುಸಿ ಮುಗಿಸಿದವರು ತಮಗೇ ಎಂದುಕೊಳ್ಳುತ್ತಾರೆ.

‘ಜನಪದ’ ಬೇಡವೇ ಬೇಡ. ಸಂಗೀತವನ್ನು ಅದರ ಜನರ ಬದುಕಿನೊಂದಿಗೆ ಇಟ್ಟು ಓದುವ ಈ ವಿದ್ಯೆಗೆ ಎಥ್ನೊಮ್ಯೂಸಿಕಾಲಜಿ ಎಂಬ ಹೆಸರನ್ನು 1950ರಲ್ಲಿ ಚಲಾವಣೆಗೆ ತಂದ ಡಚ್ ವಿದ್ವಾಂಸ ಯಾಪ್ ಕುನ್ಸ್ಟ್ ದುಡಿದದ್ದು ಜಾವಾದ ಗಮೆಲಾನ್ ಎಂಬ ವಾದ್ಯಮೇಳದ ಮೇಲೆ. ಅದರಲ್ಲಿ ಅರಮನೆಯ ಸಂಗೀತವೂ ಉಂಟು. ಈ ವಿದ್ಯೆಗೆ ಹಿಂದೆ ಇದ್ದ ಹೆಸರು ತೌಲನಿಕ ಸಂಗೀತಶಾಸ್ತ್ರ. ಹೋಲಿಕೆ ಎಲ್ಲ ಶಾಸ್ತ್ರಗಳಲ್ಲೂ ಇರುವಾಗ ಇದೊಂದಕ್ಕೇ ಆ ವಿಶೇಷಣ ಏಕೆ ಎಂಬುದು ಕುನ್ಸ್ಟ್ ಅವರ ತಕರಾರು. ಇಂದು ಈ ವಿಷಯದಲ್ಲಿ ಕಂಸಾಳೆಯ ಮೇಲೆ ಹೇಗೋ ಹಾಗೆ ಕರ್ನಾಟಕ ಸಂಗೀತದ ಕಛೇರಿಯ ಮೇಲೂ, ಸಿನಿಮಾ ಹಾಡಿನ ಮೇಲೂ ಸಂಶೋಧನೆ ನಡೆಯುತ್ತದೆ. ಏನನ್ನು ಓದುತ್ತೇವೆ ಎನ್ನುವುದಕ್ಕಿಂತ ಹೇಗೆ ಓದುತ್ತೇವೆ ಎನ್ನುವುದರಿಂದ ಇದು ಬೇರೆಯಾಗುತ್ತದೆ. ನಾನು ‘ಜನಾಂಗೀಯ ಸಂಗೀತಶಾಸ್ತ್ರ’ ಎಂದು ಬರೆಯುತ್ತೇನೆ.

ಮ್ಯೂಸಿಕಾಲಜಿಯ ತೊಡಕು ಬೇರೆ. ನಮ್ಮ ಸಂಗೀತ ಪರೀಕ್ಷೆಗಳಲ್ಲಿ ‘ಶಾಸ್ತ್ರ’ ಎಂದರೆ ರಾಗಲಕ್ಷಣ, 72 ಮೇಳಕರ್ತ, ತಾಳದ ದಶಪ್ರಾಣಗಳಿರುವ ಪತ್ರಿಕೆ. ಅಮೆರಿಕದಲ್ಲಿ ಅದಕ್ಕೆ ಹತ್ತಿರವಾದದ್ದು ಥಿಯರಿ, ಅದು ಬೇರೆಯೇ ಶಾಖೆ. ಮ್ಯೂಸಿಕಾಲಜಿ ಎಂದು ಬರೆದಿರುವ ಕಡೆ ಹೆಚ್ಚಾಗಿ ಇರುವುದು ಸಂಗೀತದ ಚರಿತ್ರೆ: ಹಸ್ತಪ್ರತಿ, ಪಾಠಭೇದ, ಕಾಲನಿರ್ಣಯ. ಸಂಗೀತ ವಿದ್ವಾಂಸ ಗೀಡೊ ಆಡ್ಲರ್ 1885ರಲ್ಲೇ ಈ ವಿದ್ಯೆಯನ್ನು ಚಾರಿತ್ರಿಕ, ವ್ಯವಸ್ಥಿತ ಎಂದು ಎರಡಾಗಿ ಒಡೆದಿದ್ದರು. ಹಾಗಾಗಿ ಥಿಯರಿಗೆ ‘ಸಂಗೀತ ಸಿದ್ಧಾಂತ’ ಕೊಟ್ಟು, ಮ್ಯೂಸಿಕಾಲಜಿಗೆ ‘ಸಂಗೀತಶಾಸ್ತ್ರ’ ಉಳಿಸಿ, ಮೊದಲ ಸಲ ಬಂದಾಗ ‘ಮುಖ್ಯವಾಗಿ ಚರಿತ್ರೆ’ ಎಂದು ಸೇರಿಸಿ.

ಲಿಪ್ಯಂತರ ಎಂದರೆ ತಿಗಳಾರಿ ಎಂಬ ಹಳೆಯ ಲಿಪಿಯ ಓಲೆಯನ್ನು ಕನ್ನಡ ಲಿಪಿಗೆ ಇಳಿಸುವುದು. ಕೇಳಿದ ಸಂಗೀತವನ್ನು ಕಾಗದಕ್ಕೆ ಇಳಿಸುವ ಕೆಲಸ ಸ್ವರಲೇಖನ, ಅದಕ್ಕೆ ಬಳಸುವ ಚಿಹ್ನೆಗಳು ಸ್ವರಲಿಪಿ. ಇಲ್ಲಿ ಇನ್ನೊಂದು ಭೇದ ಬೇಕೇ ಬೇಕು. ಹಾಡುವವರಿಗಾಗಿ ಬರೆಯುವುದು ಒಂದು, ಹಾಡಿದ್ದನ್ನು ದಾಖಲಿಸುವುದು ಮತ್ತೊಂದು ಎಂದು ಅಮೆರಿಕದ ಸಂಗೀತ ವಿದ್ವಾಂಸ ಚಾರ್ಲ್ಸ್ ಸೀಗರ್ 1958ರಲ್ಲಿ ಬಿಡಿಸಿ ತೋರಿಸಿದರು. ತೋಡಿ ರಾಗದ ಗಾಂಧಾರ ಸ್ವರಕ್ಕೆ ಬರೀ ‘ಗ’ ಎಂದು ಬರೆದರೂ ಪಾಠವಾದವರು ಕಂಪಿಸಿಯೇ ಹಾಡುತ್ತಾರೆ. ಪಾಠವಿಲ್ಲದವರು ಅದನ್ನು ನೆಟ್ಟಗೆ ಹಿಡಿದುಬಿಡುತ್ತಾರೆ, ಅಲ್ಲಿಗೆ ತೋಡಿ ಕೆಟ್ಟಿತು. ದಾಖಲೆಗಾದರೆ ಆ ಕಂಪನ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಎಂಬುದನ್ನೂ ಕಾಣಿಸಬೇಕು. ಒಂದು ಸ್ಥಾಯಿಯನ್ನು, ಅಂದರೆ ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು, 1200 ಸೆಂಟು ಎಂಬ ಸಮಭಾಗಗಳಾಗಿ ಅಳೆಯುವ ಕ್ರಮ ಅಲ್ಲಿ ಒದಗುತ್ತದೆ. ಹಾಡುವವರಿಗಾಗಿ ಬರೆಯುವುದಕ್ಕೆ ‘ಸೂಚಕ ಸ್ವರಲೇಖನ’, ದಾಖಲೆಗೆ ‘ವಿವರಣಾತ್ಮಕ ಸ್ವರಲೇಖನ’ ಎಂದರೆ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ.

‘ಪ್ರಬಂಧ’ವಂತೂ ಸಂಗೀತದವರಿಗೆ ಒಂದು ರಚನಾಪ್ರಕಾರ. ಆಲಾಪ, ಠಾಯ, ಗೀತ, ಪ್ರಬಂಧ ಎಂಬ ಹಳೆಯ ನಾಲ್ಕು ಪ್ರಕಾರಗಳು ಸೇರಿ ಚತುರ್ದಂಡಿ. ಪಿಎಚ್.ಡಿ.ಗೆ ‘ಮಹಾಪ್ರಬಂಧ’ ಎಂದೇ ಬರೆಯಿರಿ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಡಿಸರ್ಟೇಶನ್, ಎಂ.ಎ.ಗೆ ಥೀಸಿಸ್, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಪದ ನೋಡಿ ಅನುವಾದಿಸಬೇಡಿ, ಯಾವ ಮಟ್ಟದ ಬರಹವೆಂದು ನೋಡಿ.

ಉತ್ತರ 2

ಮಿಕ್ಕದ್ದೆಲ್ಲ ಒಪ್ಪಿಗೆ. ‘ಜನಾಂಗೀಯ’ ಮಾತ್ರ ನನಗೆ ಒಪ್ಪಿತವಲ್ಲ. ನಮ್ಮ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ‘ಜನಾಂಗ’ ಎಂದರೆ ಬಹುಪಾಲು ಜಾತಿ. ಯಾವುದೋ ಒಂದು ಜಾತಿಯ ಸಂಗೀತದ ಓದು ಎಂದೇ ಜನ ಅರ್ಥಮಾಡಿಕೊಳ್ಳುತ್ತಾರೆ. ‘ಸಂಗೀತ ಮಾನವಶಾಸ್ತ್ರ’ವನ್ನು ಪರಿಶೀಲಿಸಬಹುದು, ಆದರೆ ಅದು ಅಮೆರಿಕದ ವಿದ್ವಾಂಸ ಅಲನ್ ಮೆರಿಯಮ್ 1964ರಲ್ಲಿ ಒತ್ತಿ ಹೇಳಿದ ಒಂದು ದಾರಿಯ ಹೆಸರಾಗುತ್ತದೆ, ಸ್ವರ, ಶ್ರುತಿ, ಲಯಗಳ ವಿಶ್ಲೇಷಣೆ ಹೊರಗುಳಿದಂತೆ ಕೇಳಿಸುತ್ತದೆ. ಈಗಿನ ಮಟ್ಟಿಗೆ ‘ಎಥ್ನೊಮ್ಯೂಸಿಕಾಲಜಿ’ಯನ್ನೇ ಉಳಿಸಿ, ಮೊದಲ ಬಾರಿ ‘ಸಂಗೀತವನ್ನು ಅದನ್ನು ಹಾಡಿ ನುಡಿಸುವವರ ಬದುಕಿನೊಳಗಿಟ್ಟು ನೋಡುವ ಅಧ್ಯಯನ’ ಎಂದು ವಿವರಿಸುವುದು ಲೇಸು. ಉದ್ದವಾದರೂ ಓದುಗರಿಗೆ ದಾರಿ ತಪ್ಪುವುದಿಲ್ಲ.

ನೀವು ಕೇಳದ ಎರಡು ಪದಗಳೂ ಆ ವಿವರದಲ್ಲಿ ಇದ್ದೇ ಇರುತ್ತವೆ. ಫೀಲ್ಡ್‌ವರ್ಕ್‌ಗೆ ‘ಕ್ಷೇತ್ರಕಾರ್ಯ’, ಸಂಶೋಧಕರಿಗೆ ಹಾಡಿ, ಹೇಳಿ ತಿಳಿಸಿಕೊಡುವ ಇನ್‌ಫಾರ್ಮಂಟ್‌ಗೆ ‘ವಕ್ತೃ’ – ಎರಡೂ ಜಾನಪದ ಅಧ್ಯಯನದಲ್ಲಿ ಬಳಕೆಯಲ್ಲಿವೆ, ಹೊಸದಾಗಿ ಕಟ್ಟುವ ಕೆಲಸವಿಲ್ಲ. ‘ಮಾಹಿತಿದಾರ’ ಎಂದು ಬರೆದರೆ ಪೊಲೀಸರ ನೆನಪು ಬರುತ್ತದೆ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ದೇವರಗುಡ್ಡರಿಗೆ ಆ ಪದ ಸಲ್ಲದು.