ನನ್ನ ಪೇಪರ್‌ದಾಗ ನನಗ ತಪ್ಪು ಸಿಕ್ಕೈತಿ, ಗೈಡ್ ಸುಮ್ಮನಿರು ಅಂತಾರ. ರಿಟ್ರ್ಯಾಕ್ಟ್, ಅಂದ್ರ ಪ್ರಕಟಾದ ಪೇಪರ್ ವಾಪಸ್, ಮಾಡಿಸೋದು ಹೆಂಗ್ರಿ?

ಎರೆಭೂಮಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರು ಕಾರಟಗಿ ಹತ್ರ, ಮಣ್ಣಿನ ಮ್ಯಾಲ ಪಿಎಚ್‌ಡಿ ಮಾಡಾಕತ್ತೀನಿ, ಈಗ ನಾಕನೇ ವರ್ಷ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗ ನೆಲ್ಲು ಹಚ್ಚೋ ಹೊಲದಾಗ ಸವಳು ಎಷ್ಟೈತಿ ಅನ್ನೋದು ನನ್ನ ವಿಷಯ. ಹೋದ ವರ್ಷ ಇದರ ಮ್ಯಾಲ ಒಂದು ಪೇಪರ್ ಬಂತು, ನಾ ಫಸ್ಟ್ ಆಥರ್, ಗೈಡ್ ಎರಡನೇದವರು, ಮೂರನೇ ಹೆಸರು ಇನ್ನೊಬ್ಬ ಸರ್‌ದು, ಅವರು ಹೊಲಕ್ಕೂ ಬಂದಿಲ್ಲ ಲ್ಯಾಬಿಗೂ ಬಂದಿಲ್ಲ, ಹಾಕು ಅಂದ್ರು ಹಾಕಿದ್ವಿ.

ಆಗಿದ್ದೇನಂದ್ರ, ಮಣ್ಣಿನ ಇಸಿ, ಅಂದ್ರ ಉಪ್ಪು ಎಷ್ಟೈತಿ ಅಂತ ತೋರಿಸೋ ವಿದ್ಯುತ್ ವಾಹಕತೆ, ನಾವು ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಹಾಕಿ ಮೀಟರ್‌ಲೆ ನೋಡ್ತೀವಿ, ಆದ್ರ ಸವಳು ಹೌದೋ ಅಲ್ಲೋ ಅಂತ ಹೇಳೋ 4 ಡಿಎಸ್ ಪರ್ ಮೀಟರ್ (ಡೆಸಿಸೀಮೆನ್ಸ್, ಇಸಿಯ ಅಳತಿ) ಅನ್ನೋ ಗಡಿ ಇರೋದು ಮಣ್ಣನ್ನ ಕೆಸರಿನಂಗ ಕಲಸಿ ಹಿಂಡಿ ತೆಗೆದ ನೀರಿಗೆ. ಅದಕ್ಕ ಮೀಟರ್ ರೀಡಿಂಗನ್ನ ಒಂದು ಫ್ಯಾಕ್ಟರ್‌ಲೆ ಗುಣಿಸಬೇಕು, ನಮ್ಮ ಎರೆ ಮಣ್ಣಿಗೆ ನಾವು 3 ಹಿಡಿದಿದ್ವಿ. ನಾ ಲ್ಯಾಬ್ ನೋಟ್‌ಬುಕ್‌ದಾಗ ಬರಿಯೋವಾಗನ ಗುಣಿಸಿ ಬರೆದೀನಿ, ಎಕ್ಸೆಲ್ ಶೀಟಿನ ಕಾಲಂದಾಗ ಮತ್ತೊಮ್ಮೆ ಅದ ಫಾರ್ಮುಲಾ ಕುಂತೈತಿ. ಮೀಟರ್‌ದಾಗ 0.8 ಬಂದಿದ್ದು 2.4 ಆಗಬೇಕು, ಪೇಪರ್‌ದಾಗ 7.2 ಅಂತ ಹೋಗೈತಿ. ಅಂದ್ರ ಚೊಲೋ ಭೂಮಿನ ಸವಳು ಅಂತ ಬರದೀವಿ. ಒಂದೆರಡು ಸ್ಯಾಂಪಲ್ ಅಲ್ರಿ, ಅರ್ಧಕ್ಕಿಂತ ಹೆಚ್ಚು.

ಇದು ನನಗ ತಾನಾಗೇ ಗೊತ್ತಾಗಲಿಲ್ಲ. ಸ್ಯಾಂಪಲ್ ಕೊಟ್ಟ ಒಬ್ಬ ರೈತರು, ವಯಸ್ಸಾದವರು, ಮೊನ್ನೆ ಊರಾಗ ಸಿಕ್ಕಾಗ ಹೇಳಿದ್ರು, ನಿಮ್ಮ ಪೇಪರ್ ನೋಡಿ ಯಾರೋ ನಮ್ಮ ಹೊಲಕ್ಕ ನೆಲ್ಲು ಬಿಡಬೇಕು, ಇಲ್ಲಂದ್ರ ಪೈಪ್ ಹಾಕಿ ಬಸಿಗಾಲುವೆ ಮಾಡಿಸಬೇಕು ಅಂದಾರ, ಆದ್ರ ತಂಗಿ, ಸವಳು ಇದ್ರ ಬ್ಯಾಸಗ್ಯಾಗ ಬದುವಿನ ಮ್ಯಾಲ ಬಿಳಿ ಉಪ್ಪು ಏಳಬೇಕಲ್ಲವಾ, ನಮ್ಮಲ್ಲಿ ಎಂದೂ ಎದ್ದಿಲ್ಲ ಅಂದ್ರು. ಅವತ್ತು ರಾತ್ರಿ ನೋಟ್‌ಬುಕ್ ತಗದು ಒಂದೊಂದ ಸಾಲು ಹೊಂದಿಸಿ ನೋಡಿದೆ. ಮೂರನೇ ಸಾಲಿಗೇ ಗೊತ್ತಾತು.

ಗೈಡ್‌ಗೆ ಹೇಳಿದ್ರ, ಯಾರೂ ಕೇಳಿಲ್ಲ ಸುಮ್ಮನಿರು, ರಿಟ್ರ್ಯಾಕ್ಷನ್ ಅಂದ್ರ ಕಳ್ಳತನದ ಮುದ್ರಿ ಬಿದ್ದಂಗ, ನಿನ್ನ ಡಿಗ್ರಿನೂ ಹೋಗತೈತಿ ಅಂತಾರ. ಅವರು ಕೆಟ್ಟವರಲ್ಲ, ಅಂಜ್ಯಾರ. ನನಗೂ ಅಂಜಿಕಿ ಐತಿ. ನಾ ಒಬ್ಬಾಕೆನ ಎಡಿಟರ್‌ಗೆ ಬರಿಬಹುದೇನ್ರಿ? ಗೈಡ್ ಒಪ್ಪಲಿಲ್ಲಂದ್ರ ಏನಾಗತೈತಿ? ಗೊತ್ತಿದ್ದವರು ಹೇಳ್ರಿ.

ಕೋಟೆಗುಡ್ಡ ಬಳ್ಳಾರಿ:
ಮೇಡಂ ಯಾಕೆ ಇಷ್ಟು ಟೆನ್ಷನ್, ಆ ಪೇಪರ್ ವಿತ್‌ಡ್ರಾ ಅಂತ ಮೇಲ್ ಹಾಕಿ, ಲೆಕ್ಕ ಸರಿ ಮಾಡಿ ಬೇರೆ ಜರ್ನಲ್‌ಗೆ ಕಳಿಸಿಬಿಡಿ. ನನ್ನ ಫ್ರೆಂಡ್ ಹಂಗೇ ಮಾಡಿದ್ದ.

ಹಳೇ ಎಡಿಟರ್:
ಮೇಲಿನವರು ಹೇಳಿದ್ದನ್ನ ದಯವಿಟ್ಟು ಮಾಡಬೇಡಿ. ವಿತ್‌ಡ್ರಾ ಅನ್ನೋದು ಪ್ರಿಂಟ್ ಆಗೋಕೆ ಮುಂಚಿನ ಮಾತು. ಪ್ರಕಟ ಆದ ಪೇಪರ್ ಹಂಗೇ ನಿಂತಿರುವಾಗ ಅದೇ ಡೇಟಾ ಇನ್ನೊಂದು ಕಡೆ ಕಳಿಸಿದ್ರೆ ಅದು ಡುಪ್ಲಿಕೇಟ್ ಪಬ್ಲಿಕೇಷನ್, ಆಗ ನಿಜವಾಗಲೂ ತಪ್ಪಿತಸ್ಥರಾಗ್ತೀರಿ. ಈಗ ಆಗಿರೋದು ಬರೀ ಲೆಕ್ಕದ ತಪ್ಪು.

ನಾನು ಬಳ್ಳಾರಿಯವನು, ಒಂದು ವಿಜ್ಞಾನ ಜರ್ನಲ್‌ನಲ್ಲಿ ಸುಮಾರು ವರ್ಷ ಅಸೋಸಿಯೇಟ್ ಎಡಿಟರ್ ಆಗಿದ್ದೆ, ಇಂಥ ಫೈಲ್‌ಗಳು ನನ್ನ ಟೇಬಲ್ ಮೇಲೆ ಬಂದಿವೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಬಹಳಷ್ಟು ಜರ್ನಲ್‌ಗಳು ಕೋಪ್ ಅನ್ನೋ ಸಂಸ್ಥೆಯ ನಿಯಮ ಪಾಲಿಸ್ತವೆ, ಕಮಿಟಿ ಆನ್ ಪಬ್ಲಿಕೇಷನ್ ಎಥಿಕ್ಸ್ ಅಂತ, 1997ರಲ್ಲಿ ಇಂಗ್ಲೆಂಡಿನ ಮೆಡಿಕಲ್ ಜರ್ನಲ್ ಎಡಿಟರ್‌ಗಳು ಸೇರಿ ಶುರು ಮಾಡಿದ್ದು. ಅವರ ರಿಟ್ರ್ಯಾಕ್ಷನ್ ಗೈಡ್‌ಲೈನ್ಸ್‌ನಲ್ಲಿ ಸ್ಪಷ್ಟವಾಗಿದೆ, ಫಲಿತಾಂಶ ನಂಬೋ ಹಾಗಿಲ್ಲ ಅಂದ್ರೆ ಪೇಪರ್ ವಾಪಸ್ ಆಗಬೇಕು, ಅದು ಮೋಸದಿಂದ ಆಗಿದ್ದರೂ ಸರಿ, ಪ್ರಾಮಾಣಿಕ ತಪ್ಪಿನಿಂದ ಆಗಿದ್ದರೂ ಸರಿ. ಯಾವುದರಿಂದ ಅನ್ನೋದನ್ನ ನೋಟಿಸ್‌ನಲ್ಲೇ ಬರೀತಾರೆ, ಯಾರು ಕೇಳಿದ್ರು ಅನ್ನೋದನ್ನೂ ಬರೀತಾರೆ. ಅಲ್ಲೇ ನಿಮ್ಮ ಮಾನ ಉಳಿಯೋದು. "ಲೇಖಕರೇ ತಪ್ಪು ಕಂಡುಹಿಡಿದು ತಿಳಿಸಿದರು" ಅಂತ ಒಂದು ಸಾಲು ಬಂದರೆ ಓದಿದ ಯಾರೂ ನಿಮ್ಮನ್ನ ಕಳ್ಳಿ ಅನ್ನಲ್ಲ. ಫ್ರಾನ್ಸೆಸ್ ಆರ್ನಾಲ್ಡ್ ಹೆಸರು ಕೇಳಿರ್ತೀರಿ, 2018ರ ಕೆಮಿಸ್ಟ್ರಿ ನೊಬೆಲ್. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅವರ ಪೇಪರಿನ ಪ್ರಯೋಗ ಮತ್ತೆ ಮಾಡಿದಾಗ ಅದೇ ರಿಸಲ್ಟ್ ಬರಲಿಲ್ಲ, ಒಂದು ಲ್ಯಾಬ್ ನೋಟ್‌ಬುಕ್‌ನಲ್ಲಿ ಮುಖ್ಯ ಪ್ರಯೋಗದ ಎಂಟ್ರಿ, ಡೇಟಾನೇ ಇರಲಿಲ್ಲ. 2020ರ ಜನವರಿಯಲ್ಲಿ ವಾಪಸ್ ತಗೊಂಡು, ತಾವೇ ಟ್ವಿಟರ್‌ನಲ್ಲಿ ಎಲ್ಲರಿಗೂ ಹೇಳಿ ಕ್ಷಮೆ ಕೇಳಿದ್ರು. ಅವರ ಮರ್ಯಾದೆಗೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ.

ನಿಮ್ಮದಕ್ಕೆ ಕರೆಕ್ಷನ್ ಸಾಕಾ, ರಿಟ್ರ್ಯಾಕ್ಷನ್ನೇ ಬೇಕಾ ಅನ್ನೋದು ಎಡಿಟರ್ ತೀರ್ಮಾನ. ಒಂದು ಟೇಬಲ್ ಬದಲಾಗಿ ತೀರ್ಮಾನ ಹಂಗೇ ನಿಲ್ಲೋದಾದ್ರೆ ಕರೆಕ್ಷನ್. ನೀವು ಹೇಳೋ ಪ್ರಕಾರ ತೀರ್ಮಾನವೇ ತಿರುವುಮುರುವು ಆಗುತ್ತೆ, ಹಾಗಾಗಿ ರಿಟ್ರ್ಯಾಕ್ಷನ್ ಕಡೆಗೇ ವಾಲುತ್ತೆ ಅನ್ಸುತ್ತೆ. ಕೆಲವು ಜರ್ನಲ್, ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಜರ್ನಲ್‌ನಂಥವು, ಹಳೇದನ್ನ ರಿಟ್ರ್ಯಾಕ್ಟ್ ಮಾಡಿ ತಿದ್ದಿದ್ದನ್ನ ಅದರ ಜಾಗದಲ್ಲೇ ಹಾಕ್ತವೆ, ಅದನ್ನೂ ಕೇಳಿ ನೋಡಿ. ಪೇಪರ್ ಅಳಿಸಿ ಹಾಕಲ್ಲ ನೆನಪಿರಲಿ, ಪ್ರತಿ ಪುಟದ ಮೇಲೂ ರಿಟ್ರ್ಯಾಕ್ಟೆಡ್ ಅಂತ ಅಡ್ಡಡ್ಡ ಮುದ್ರೆ ಹಾಕಿ ಅಲ್ಲೇ ಬಿಡ್ತಾರೆ.

ಗೈಡ್ ಒಪ್ಪದಿದ್ರೆ ಏನು ಅಂತ ಕೇಳಿದ್ರಿ. ಎಲ್ಲಾ ಲೇಖಕರೂ ಒಪ್ಪಲೇಬೇಕು ಅಂತಿಲ್ಲ, ಯಾರು ಒಪ್ಪಲಿಲ್ಲ ಅಂತ ನೋಟಿಸ್‌ನಲ್ಲಿ ಹಾಕಿ ಮುಂದೆ ಹೋಗ್ತಾರೆ. 2020ರಲ್ಲಿ ಕೋವಿಡ್‌ಗೆ ಕೊಡ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಮೇ 22ಕ್ಕೆ ಬಂದ ಪೇಪರ್ ಜೂನ್ 4ಕ್ಕೆ ವಾಪಸ್ ಹೋಯ್ತಲ್ಲ, 96 ಸಾವಿರ ರೋಗಿಗಳ ಡೇಟಾ ಅಂತ ಹೇಳಿದ್ದು, ಮೂಲ ಡೇಟಾ ಪರೀಕ್ಷೆಗೆ ಕೊಡಿ ಅಂದ್ರೆ ಆ ಡೇಟಾ ಒದಗಿಸಿದ ಸರ್ಜಿಸ್ಫಿಯರ್ ಕಂಪನಿ ಕೊಡಲಿಲ್ಲ. ಅದನ್ನ ವಾಪಸ್ ಕೇಳಿದ್ದು ನಾಲ್ಕು ಲೇಖಕರಲ್ಲಿ ಮೂವರು. ಅದೇ ಲ್ಯಾನ್ಸೆಟ್‌ನಲ್ಲಿ 1998ರಲ್ಲಿ ಬಂದ ವೇಕ್‌ಫೀಲ್ಡ್ ಪೇಪರ್, ಮಕ್ಕಳಿಗೆ ದಡಾರ ಮುಂತಾದವಕ್ಕೆ ಹಾಕೋ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇದೆ ಅಂತ ಸೂಚಿಸಿದ್ದು, ಬರೀ 12 ಮಕ್ಕಳ ಮೇಲೆ ಮಾಡಿದ್ದು, ಪೂರ್ತಿ ವಾಪಸ್ ಆಗಿದ್ದು 2010ರಲ್ಲಿ. 2004ರಲ್ಲೇ 13 ಲೇಖಕರಲ್ಲಿ 10 ಜನ ಆ ಅರ್ಥವಿವರಣೆ ನಮ್ಮದಲ್ಲ ಅಂತ ಕೈ ತೊಳ್ಕೊಂಡಿದ್ರು. ಒಂದು 13 ದಿನ, ಇನ್ನೊಂದು 12 ವರ್ಷ. ಆ 12 ವರ್ಷದಲ್ಲಿ ಎಷ್ಟು ತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸೋಕೆ ಹೆದರಿದ್ರು ಅಂತ ಯೋಚನೆ ಮಾಡಿ. ನಿಮ್ಮ ರೈತರ ವಿಷಯವೂ ಅಷ್ಟೇ ತುರ್ತಿನದು ನನ್ನ ದೃಷ್ಟಿಯಲ್ಲಿ.

ಮೂರನೇ ಹೆಸರಿನ ವಿಷಯ ಈ ಪತ್ರದಲ್ಲಿ ಬೆರೆಸಬೇಡಿ. ಕೆಲಸ ಮಾಡದವರ ಹೆಸರು ಹಾಕೋದು ತಪ್ಪೇ, ಆದ್ರೆ ಹೆಸರಿನ ಜಗಳ ಒಂದಕ್ಕೇ ಸಾಮಾನ್ಯವಾಗಿ ರಿಟ್ರ್ಯಾಕ್ಷನ್ ಆಗಲ್ಲ, ಎಡಿಟರ್ ಅದನ್ನ ನಿಮ್ಮ ಸಂಸ್ಥೆಗೇ ವಾಪಸ್ ಕಳಿಸ್ತಾರೆ. ಎರಡೂ ಸೇರಿಸಿದ್ರೆ ಇದು ಒಳಜಗಳ ಅಂತ ಓದಿಕೊಂಡು ಲೆಕ್ಕದ ತಪ್ಪು ಹಿಂದೆ ಬೀಳುತ್ತೆ.

ಮಸ್ಕಿ ದಾರಿ:
ರಾಯಚೂರು ಜಿಲ್ಲೆಯವ್ನು ನಾನು, ಗೆಸ್ಟ್ ಲೆಕ್ಚರರ್. ಸರ್ ಹೇಳಿದ್ದು ಎಲ್ಲಾ ಖರೆ, ಆದ್ರ ಅಂಜಿಕಿ ಅನ್ನೋದು ಏನಂತ ನನಗ ಗೊತ್ತೈತಿ ತಂಗಿ. ನಾ ಎಂಫಿಲ್ ಮುಗಿಸಿದ ಹೊಸದಾಗಿ ಒಂದು ಪೇಪರ್‌ದಾಗ ನಡುವಿನ ಹೆಸರು ನಂದಿತ್ತು, ಅದರಾಗ ಒಂದ ಫೋಟೋನ ಎರಡು ಬ್ಯಾರೆ ಬ್ಯಾರೆ ಸ್ಯಾಂಪಲ್ ಅಂತ ಹಾಕಿದ್ರು. ನಾ ನೋಡಿದ್ದೆ. ಪ್ರೂಫ್ ಬಂದಾಗನ ನೋಡಿದ್ದೆ. ಸೀನಿಯರ್‌ಗೆ ಕೇಳಿದ್ರ ಕಣ್ಣು ಕೆಂಪು ಮಾಡಿದ್ರು, ಬಾಯಿ ಮುಚ್ಚಿದೆ. ಮೂರು ವರ್ಷ ಆದಮ್ಯಾಲ ಯಾರೋ ಪಬ್‌ಪೀರ್ ಅಂತ ಪ್ರಕಟಾದ ಪೇಪರ್ ಚರ್ಚೆ ಮಾಡೋ ವೆಬ್‌ಸೈಟ್‌ದಾಗ ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ಕೆಂಪು ಚೌಕ ಹಾಕಿ ತೋರಿಸಿದ್ರು, ಜರ್ನಲ್ ಪತ್ರ ಬಂತು, ಉತ್ತರ ಕೊಡೋರು ಯಾರೂ ಇಲ್ಲ. ರಿಟ್ರ್ಯಾಕ್ಷನ್ ನೋಟಿಸ್‌ದಾಗ ಲೇಖಕರು ಉತ್ತರ ಕೊಡಲಿಲ್ಲ ಅಂತ ಬರದಾರ, ಆ ಲೇಖಕರೊಳಗ ನಾನೂ ಒಬ್ಬ. ಇವತ್ತಿಗೂ ಇಂಟರ್‌ವ್ಯೂಗೆ ಹೋದ್ರ ಪಬ್ಲಿಕೇಷನ್ ಲಿಸ್ಟ್ ಕೊಡೋವಾಗ ಕೈ ನಡಗತೈತಿ.

ಹಂಗಾಗಿ ನೀ ಮೊದಲ ಬರಿ. ಆದ್ರ ಗೈಡ್ ಬೆನ್ನ ಹಿಂದ ಬರಿಬ್ಯಾಡ. ನೋಟ್‌ಬುಕ್ ಮತ್ತ ಶೀಟ್ ಎರಡೂ ಅವರ ಮುಂದ ಇಟ್ಟು, ಸರ್ ಇಷ್ಟನೇ ತಾರೀಖಿಗೆ ನಾ ಎಡಿಟರ್‌ಗೆ ಮೇಲ್ ಹಾಕ್ತೀನಿ, ನೀವೂ ಸಹಿ ಹಾಕಿದ್ರ ಇಬ್ಬರ ಹೆಸರಲೆ ಹೋಗತೈತಿ ಅಂತ ಹೇಳು. ಮಾತಾಡಿದ್ದನ್ನ ಅವತ್ತ ಒಂದು ಮೇಲ್‌ದಾಗ ಬರದು ಅವರಿಗೇ ಕಳಸು, ದಾಖಲೆ ಇರಲಿ. ನೋಟ್‌ಬುಕ್ ಪ್ರತಿ ಪುಟ ಫೋಟೋ ಹೊಡ್ಕೊಂಡು ಮನ್ಯಾಗ ಒಂದು ಕಾಪಿ ಇಡು, ಇದನ್ನ ಇವತ್ತ ಮಾಡು.

ಗ್ರಂಥಾಲಯ ಮೂಲೆ:
ಲೈಬ್ರರಿ ಕೆಲಸದಾಕೆ ನಾನು, ಎರಡು ಮಾತು ಸೇರಿಸ್ತೀನಿ. ಡಿಗ್ರಿ ಹೋಗುತ್ತೆ ಅಂತ ಹೆದರಿಸ್ತಾ ಇದ್ದಾರಲ್ಲ, ಅದು ಯುಜಿಸಿಯ 2018ರ ಪ್ಲೇಜಿಯರಿಸಂ (ಕೃತಿಚೌರ್ಯ) ನಿಯಮದ ಜೊತೆ ಗೊಂದಲ ಮಾಡ್ಕೊಂಡಿರೋದು. ಅಲ್ಲಿ ಥೀಸಿಸ್‌ನಲ್ಲಿ 10 ಪರ್ಸೆಂಟ್ ತನಕ ಹೋಲಿಕೆಗೆ ಶಿಕ್ಷೆ ಇಲ್ಲ, 40ರ ತನಕ ತಿದ್ದಿ 6 ತಿಂಗಳ ಒಳಗೆ ಮತ್ತೆ ಕೊಡಬೇಕು, 60ರ ತನಕ ಒಂದು ವರ್ಷ ಸಲ್ಲಿಸೋ ಹಾಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಷನ್ ರದ್ದು. ಅದೆಲ್ಲ ಬೇರೆಯವರ ಬರಹ ಕದ್ದವರಿಗೆ. ಎಕ್ಸೆಲ್ ಫಾರ್ಮುಲಾ ತಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು, ಯುಜಿಸಿ 2022ರ ಪಿಎಚ್‌ಡಿ ನಿಯಮದಲ್ಲಿ ಥೀಸಿಸ್ ಕೊಡೋಕೆ ಪೇಪರ್ ಪ್ರಕಟ ಆಗಿರಲೇಬೇಕು ಅನ್ನೋ ಷರತ್ತು ತೆಗೆದಿದ್ದಾರೆ, ನಿಮ್ಮ ಯೂನಿವರ್ಸಿಟಿ ತನ್ನದೇ ಷರತ್ತು ಇಟ್ಟಿದೆಯಾ ಅಂತ ಆರ್ಡಿನೆನ್ಸ್ ಓದಿ ನೋಡಿ. ಥೀಸಿಸ್‌ನ ಆ ಅಧ್ಯಾಯ ಮಾತ್ರ ಈಗಲೇ ಸರಿ ಮಾಡಿ, ತಪ್ಪು ಟೇಬಲ್ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಹೋಗಿ ಕೂತರೆ ಇನ್ನೂ ಕಷ್ಟ.

ನಿಮ್ಮ ಜರ್ನಲ್ ಯಾವ ಥರದ್ದು ಅಂತ ಬರೆದಿಲ್ಲ. ದುಡ್ಡು ತಗೊಂಡು ವಾರದಲ್ಲಿ ಹಾಕೋ ಥರದ್ದಾದ್ರೆ ವಾಪಸ್ ತಗೊಳ್ಳೋಕೂ ಫೀಸ್ ಕೇಳ್ತಾರೆ, ಕೊಡಬೇಡಿ. ನಮ್ಮಲ್ಲಿ ಒಬ್ಬ ಹುಡುಗಿಗೆ ಹಾಗೇ ಕೇಳಿದ್ರು, ಪಾಪ ಅವಳು ಸ್ಕಾಲರ್‌ಶಿಪ್ ದುಡ್ಡಲ್ಲಿ ಕಟ್ಟಿದ್ಲು, ಪೇಪರ್ ಇನ್ನೂ ಅಲ್ಲೇ ಇದೆ. ಒಳ್ಳೇ ಜರ್ನಲ್ ಯಾವುದು ಅಂತ ನೋಡೋ ಯುಜಿಸಿ ಕೇರ್ ಲಿಸ್ಟ್ ಕೂಡ 2025ರಿಂದ ನಿಂತಿದೆ, ಹಾಗಾಗಿ ಜರ್ನಲ್ ಕೋಪ್ ಸದಸ್ಯನಾ ಅಂತ ಕೋಪ್ ವೆಬ್‌ಸೈಟ್‌ನಲ್ಲೇ ಹುಡುಕಿ, ಜರ್ನಲ್ ತನ್ನ ಪುಟದಲ್ಲಿ ಲೋಗೋ ಹಾಕ್ಕೊಂಡಿದೆ ಅಂತ ನಂಬಬೇಡಿ. ಸದಸ್ಯ ಆಗಿದ್ದು, ಜರ್ನಲ್‌ನ ಸ್ವಂತ ದೂರಿನ ದಾರಿ ಮುಗಿದ ಮೇಲೂ ಉತ್ತರ ಬರಲಿಲ್ಲ ಅಂದ್ರೆ ಕೋಪ್‌ಗೆ ಬರೀಬಹುದು. ಮತ್ತೆ ರೆಫರೆನ್ಸ್ ಜೋಡಿಸಿಡೋ ಜೊಟೆರೋ ಸಾಫ್ಟ್‌ವೇರ್ ಬಳಸೋರು ನೋಡಿ, ನಿಮ್ಮ ರೆಫರೆನ್ಸ್‌ನಲ್ಲಿ ರಿಟ್ರ್ಯಾಕ್ಟ್ ಆದ ಪೇಪರ್ ಇದ್ರೆ 2019ರಿಂದ ಅದು ಕೆಂಪಗೆ ತೋರಿಸುತ್ತೆ, ವಾಪಸ್ ಆದ ಪೇಪರ್‌ಗಳ ರಿಟ್ರ್ಯಾಕ್ಷನ್ ವಾಚ್ ಪಟ್ಟಿ ನೋಡ್ಕೊಂಡು. ಆ ಪಟ್ಟಿ 2023ರಿಂದ ಕ್ರಾಸ್‌ರೆಫ್ ಅನ್ನೋ ಸಂಸ್ಥೆ ಮೂಲಕ ಎಲ್ಲರಿಗೂ ಫ್ರೀ.

ಕೋಟೆಗುಡ್ಡ ಬಳ್ಳಾರಿ:
ನಾನು ಮೇಲೆ ಹೇಳಿದ್ದು ತಪ್ಪು, ಕ್ಷಮಿಸಿ ಮೇಡಂ. ನನ್ನ ಫ್ರೆಂಡಿಗೂ ಇದನ್ನ ಕಳಿಸಿದೀನಿ, ಅವನದು ಈಗ ಎರಡು ಕಡೆ ಇದೆ.

ಎರೆಭೂಮಿ:
ಎಲ್ಲಾರಿಗೂ ಕೈ ಮುಗಿತೀನ್ರಿ. ಜರ್ನಲ್ ಚೊಲೋದೈತಿ, ಕೋಪ್ ಪಟ್ಟಿಯೊಳಗೈತಿ, ನೋಡಿದೆ. ನಿನ್ನೆ ಗೈಡ್ ಹತ್ರ ನೋಟ್‌ಬುಕ್ ತಗೊಂಡು ಹೋಗಿದ್ದೆ. ಬಾಳ ಹೊತ್ತು ಮಾತಾಡಲಿಲ್ಲ, ಆಮ್ಯಾಲ ಅವರ ಕ್ಯಾಲ್ಕುಲೇಟರ್ ತಗೊಂಡು ಹತ್ತು ಸಾಲು ತಾವ ಗುಣಿಸಿ ನೋಡಿದ್ರು. ಸಹಿ ಹಾಕ್ತೀನಿ ಅಂದಿಲ್ಲ, ಬ್ಯಾಡ ಅಂತನೂ ಅನ್ನಲಿಲ್ಲ, ಪತ್ರ ಕಳಸೋ ಮೊದಲ ನನಗ ತೋರಸು ಅಂದ್ರು. ಸೋಮವಾರಕ್ಕ ಕಳಸ್ತೀನಿ ಅಂತ ಹೇಳಿ ಬಂದೀನಿ, ಅದನ್ನ ಮೇಲ್‌ದಾಗೂ ಹಾಕೀನಿ.

ಪತ್ರದಾಗ ತಪ್ಪು ಆಗಿದ್ದೆಲ್ಲಿ, ಹಳೇ ಟೇಬಲ್, ಹೊಸ ಟೇಬಲ್, ನೋಟ್‌ಬುಕ್ ಫೋಟೋ ಇಷ್ಟ ಇಟ್ಟೀನಿ, ಮೂರನೇ ಹೆಸರಿನ ಸುದ್ದಿ ತೆಗೆದೀನಿ. ಮತ್ತ ಆ ರೈತರ ಹೊಲಕ್ಕ ಐತವಾರ ಹೋಗಾಕತ್ತೀನ್ರಿ, ಅವರು ಬಸಿಗಾಲುವೆಗೆ ಸಾಲದ ಅರ್ಜಿ ಹಾಕ್ಯಾರಂತ, ಬ್ಯಾಂಕಿನವರು ಕರಿಯೋದರೊಳಗ ಮತ್ತೊಮ್ಮೆ ಮಣ್ಣು ತಗದು, ಈ ಸಲ ಕೆಸರು ಕಲಸೇ ನೋಡಿ ರಿಪೋರ್ಟ್ ಅವರ ಕೈಯಾಗ ಕೊಡಬೇಕು.